‘ಗ್ರಾನ್ಯುಲೋಮಾ ಅಂದ್ರೆ ಟಿಬಿ’ ಅನ್ನೋರಿಗೆ ಒಂದಿಷ್ಟು ಪ್ರಶ್ನೆಗಳು

ಇಲ್ಲಿ ಏನಾದರೂ ಬರೆದು ತುಂಬಾ ದಿನಗಳಾದವು. ಹೋದ ಒಂದು ವರ್ಷ ಆಫೀಸು, ಆಸ್ಪತ್ರೆ, ಲ್ಯಾಬು, ಮೆಡಿಕಲ್ ಸ್ಟೋರು ಇಷ್ಟರಲ್ಲೇ ಕಳೆದುಹೋಯ್ತು. ಈಗ ಅಮ್ಮ ಹುಷಾರಾಗಿದ್ದಾಳೆ. ಹಾಗಾಗಿ ಸಿಟ್ಟು ಮಾಡಿಕೊಳ್ಳೋಕೆ ನನಗೆ ಪುರುಸೊತ್ತು ಸಿಕ್ಕಿದೆ :)

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಓದಿದ್ದು ಎಂಜಿನಿಯರಿಂಗು, ಹೊಟ್ಟೆಪಾಡಿಗೆ ಕೋಡ್ ಬರೀತೀನಿ, ಇರೋದು ಅಲ್ಲಾಳಸಂದ್ರದಲ್ಲಿ ಬಾಡಿಗೆ ಮನೆ. ವೈದ್ಯಕೀಯದ ಬಗ್ಗೆ ಮಾತಾಡೋಕೆ ನಿಂಗೇನು ಯೋಗ್ಯತೆ ಅಂತ ಯಾರಾದರೂ ಕೇಳಿದರೆ, ಒಂಬತ್ತು ತಿಂಗಳು ಅಮ್ಮನ ಫೈಲು ಹಿಡಿದುಕೊಂಡು ಓಡಾಡಿದ್ದೇ ಯೋಗ್ಯತೆ. ಆ ಫೈಲಿನಲ್ಲಿದ್ದ ಎರಡು ಕಾಗದಗಳನ್ನ ಯಾರೂ ಅಕ್ಕಪಕ್ಕ ಇಟ್ಟು ಓದಲಿಲ್ಲ. ಈ ಜಗಳ ಇರೋದೇ ಅದರ ಬಗ್ಗೆ.

*

ನಮ್ಮೂರು ತುಮಕೂರು ಜಿಲ್ಲೆ. ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾದಾಗ ನಾನೇ ಬಲವಂತ ಮಾಡಿ ಇಲ್ಲಿಗೆ ಕರಕೊಂಡು ಬಂದೆ. ಲ್ಯಾಪರೋಸ್ಕೋಪಿ ಆಪರೇಷನ್ನು. ಹೊಟ್ಟೆ ಮೇಲೆ ನಾಲ್ಕು ಸಣ್ಣ ತೂತು ಅಷ್ಟೆ, ಮೂರನೇ ದಿನ ಮನೆಗೆ. ಒಳ್ಳೆ ನರ್ಸಿಂಗ್ ಹೋಮು, ನಗುನಗುತ್ತಾ ಮಾತಾಡೋ ಡಾಕ್ಟ್ರು. ಹೆಸರು ಬೇಡ. ಯಾಕೆಂದರೆ ಇದು ಒಂದು ನರ್ಸಿಂಗ್ ಹೋಮಿನ ಕಥೆ ಅಂತ ನನಗೆ ಅನ್ನಿಸೋದಿಲ್ಲ.

ಐದನೇ ವಾರ ಹೊಕ್ಕುಳ ಹತ್ತಿರದ ಗಾಯದ ಪಕ್ಕ ಗಜ್ಜುಗದಷ್ಟು ಗಂಟು ಕಾಣಿಸ್ತು. ನೋವಿಲ್ಲ, ಜ್ವರ ಇಲ್ಲ. ಹತ್ತು ದಿನ ಬಿಟ್ಟು ಅದು ಒಡೆದು ನೀರು ನೀರಾದ ಕೀವು ಬರೋಕೆ ಶುರುವಾಯ್ತು. "ಹೊಲಿಗೆ ಇನ್ಫೆಕ್ಷನ್ ಅಷ್ಟೇ" ಅಂದ್ರು. ಆ್ಯಂಟಿಬಯಾಟಿಕ್ ಕೊಟ್ಟರು. ಒಣಗಿದ ಹಾಗಾಯ್ತು, ಮತ್ತೆ ಬಂತು. ಇನ್ನೊಂದು ಆ್ಯಂಟಿಬಯಾಟಿಕ್. ಮತ್ತೆ ಬಂತು. ಹತ್ತಿಕಡ್ಡಿಯಲ್ಲಿ ಕೀವು ತೆಗೆದು ಕಲ್ಚರ್‌ಗೆ ಕಳಿಸಿದರು. ರಿಪೋರ್ಟು: "48 ಗಂಟೆಗಳ ನಂತರ ಯಾವುದೇ ಬೆಳವಣಿಗೆ ಇಲ್ಲ". ಅದನ್ನ ನೋಡಿ ನಮಗೆಲ್ಲ ಖುಷಿಯೋ ಖುಷಿ. ಕ್ರಿಮಿ ಇಲ್ಲವಂತೆ ಕಣಮ್ಮ ಅಂದೆ. "ಕ್ರಿಮಿ ಇಲ್ದೇ ಇದ್ರೆ ಕೀವ್ಯಾಕೋ ಬತ್ತೈತೆ?" ಅಂದಳು ಅಮ್ಮ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಡೀ ವರ್ಷದಲ್ಲಿ ಯಾರಾದರೂ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಇದು ಅಂತ ಈಗ ಅನ್ನಿಸುತ್ತೆ.

ಮೂರನೇ ತಿಂಗಳು ಇನ್ನೊಬ್ಬ ಸರ್ಜನ್. ಅವರು ಗಾಯ ಬಿಡಿಸಿ, ಕೆರೆದು, ಒಂದು ತುಂಡು ಮಾಂಸ ಬಯಾಪ್ಸಿಗೆ ಕಳಿಸಿದರು. ಇಡೀ ತುಂಡು ಫಾರ್ಮಲಿನ್ ಡಬ್ಬಿಗೆ ಹೋಯ್ತು. ಈ ಡಬ್ಬಿಯ ವಿಷಯ ಆಮೇಲೆ ಹೇಳ್ತೀನಿ. ರಿಪೋರ್ಟಿನಲ್ಲಿ "ಗ್ರಾನ್ಯುಲೋಮಾ ಇದೆ, ಟಿಬಿ ಇರಬಹುದು" ಅಂತ ಬಂತು. ಕೀವನ್ನ ಮತ್ತೆ ಎರಡು ಪರೀಕ್ಷೆಗೆ ಕಳಿಸಿದರು. ಒಂದು ಎಎಫ್‌ಬಿ ಬಣ್ಣದ ಪರೀಕ್ಷೆ, ಅದು ಪಾಸಿಟಿವ್. ಇನ್ನೊಂದು ಸಿಬಿನ್ಯಾಟ್, ಅದರಲ್ಲಿ ಟಿಬಿ ಕ್ರಿಮಿ ಪತ್ತೆಯಾಗಿಲ್ಲ.

"ನಮ್ಮ ದೇಶದಲ್ಲಿ ಗ್ರಾನ್ಯುಲೋಮಾ ಅಂದ್ರೆ ಟಿಬಿನೇ ರೀ. ಬಣ್ಣದಲ್ಲೂ ಬಂದಿದೆ. ಶುರು ಮಾಡಿಬಿಡೋಣ" ಅಂದ್ರು. ಶುರು ಮಾಡಿಬಿಟ್ಟರು. ನಾಲ್ಕು ಔಷಧಿ, ದಿನಾ ಬೆಳಗ್ಗೆ.

ಅಲ್ಲಿಂದ ನಾಲ್ಕು ತಿಂಗಳು. ಅಮ್ಮನಿಗೆ ವಾಂತಿ, ಊಟ ಸೇರದು, ಆರು ಕೇಜಿ ಇಳಿದಳು, ಲಿವರ್ ಪರೀಕ್ಷೆ ಏರುಪೇರು. ಗಾಯ ಮಾತ್ರ ಇದ್ದ ಹಾಗೇ ಇತ್ತು. ಅದರ ಪಕ್ಕ ಇನ್ನೆರಡು ಗಂಟು ಎದ್ದವು! ಊರಿನಲ್ಲಿ ಸುದ್ದಿ ಹಬ್ಬಿತು. ಹಬ್ಬಕ್ಕೆ ಹೋದಾಗ ಹತ್ತಿರದ ಸಂಬಂಧಿಕರ ಮನೆಯಲ್ಲೇ ಅಮ್ಮನಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರು. ತಂಗಿಗೆ ಗೊತ್ತಾಗುವ ಹಂತದಲ್ಲಿದ್ದ ಸಂಬಂಧ ಸದ್ದಿಲ್ಲದೆ ನಿಂತುಹೋಯ್ತು. ಕಾರಣ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಟಿಬಿ ಇದ್ದವರಿಗೂ ಹೀಗೆ ಮಾಡಬಾರದು, ಅದು ಬೇರೆ ಮಾತು. ಇವಳಿಗೆ ಟಿಬಿ ಇರಲೇ ಇಲ್ಲ!

*

ಈಗ ಆ ಎರಡು ಕಾಗದಕ್ಕೆ ಬರೋಣ. ಇದು ಅರ್ಥವಾಗೋಕೆ ಮೆಡಿಕಲ್ ಓದಬೇಕಿಲ್ಲ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಟಿಬಿ ಕ್ರಿಮಿಯನ್ನ 1882ರಲ್ಲಿ ರಾಬರ್ಟ್ ಕಾಖ್ ಕಂಡುಹಿಡಿದ. ಅದಕ್ಕೆ ಮೇಣದಂಥ ದಪ್ಪ ಗೋಡೆ. ಕೆಂಪು ಬಣ್ಣ ಹತ್ತಿಸಿ ಆ್ಯಸಿಡ್ಡಿನಲ್ಲಿ ತೊಳೆದರೂ ಬಣ್ಣ ಬಿಡೋದಿಲ್ಲ. ಎಎಫ್‌ಬಿ ಪರೀಕ್ಷೆ ಅಂದರೆ ಇದೇ. ಆದರೆ ಈ ಮೇಣದ ಗೋಡೆ ಟಿಬಿ ಕ್ರಿಮಿಯೊಂದರ ಸ್ವತ್ತಲ್ಲ. ಮೈಕೋಬ್ಯಾಕ್ಟೀರಿಯಾ ಅನ್ನೋ ಕುಟುಂಬದಲ್ಲಿ ಸುಮಾರು 200 ಜಾತಿಗಳಿವೆ. ಕುಷ್ಠದ ಕ್ರಿಮಿಯೂ ಅದೇ ಕುಟುಂಬ. ಮಿಕ್ಕ ಬಹುಪಾಲು ಮಣ್ಣು, ನೀರು, ನಲ್ಲಿ ಪೈಪಿನ ಒಳಗಿನ ಲೋಳೆಯಲ್ಲಿ ತಮ್ಮಷ್ಟಕ್ಕೆ ತಾವು ಬದುಕೋವು. ನಮ್ಮ ಅಲ್ಲಾಳಸಂದ್ರ ಕೆರೆಯಲ್ಲೂ ಇದ್ದಾವು, ನಮ್ಮ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನಲ್ಲೂ ಇದ್ದಾವು. ಕ್ಲೋರಿನ್ನಿಗೂ ಅಷ್ಟು ಸುಲಭವಾಗಿ ಜಗ್ಗೋದಿಲ್ಲ. ಬಣ್ಣದ ಪರೀಕ್ಷೆಯಲ್ಲಿ ಇವೆಲ್ಲ ಒಂದೇ ಥರ ಕೆಂಪು ಕೆಂಪಾಗಿ ಕಾಣ್ತವೆ.

ಸಿಬಿನ್ಯಾಟ್ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿಗೆ ಕೊಟ್ಟ ಆ ಪರೀಕ್ಷೆ ಹುಡುಕೋದು ಟಿಬಿ ಕ್ರಿಮಿಗಳ ಗುಂಪಿನ ಡಿಎನ್ಎ ಮಾತ್ರ. ಬೇರೆ ಜಾತಿ ಎಷ್ಟೇ ಇರಲಿ, ಅದಕ್ಕೆ ಕಾಣೋದಿಲ್ಲ.

ಈಗ ಲೆಕ್ಕ ಹಾಕಿ. ಬಣ್ಣದ ಪರೀಕ್ಷೆ ಮಹಾ ಮೊಂಡು. ಒಂದು ಮಿಲಿಲೀಟರಿನಲ್ಲಿ ಹೆಚ್ಚುಕಮ್ಮಿ 10,000 ಕ್ರಿಮಿ ಇದ್ದರೆ ಕಣ್ಣಿಗೆ ಬಿದ್ದೀತು. ಸಿಬಿನ್ಯಾಟಿಗೆ ನೂರಾ ಮೂವತ್ತರ ಆಸುಪಾಸು ಸಾಕು. ಹೊಸ ಅಲ್ಟ್ರಾ ಆವೃತ್ತಿಗೆ ಅದಕ್ಕಿಂತ ಎಷ್ಟೋ ಕಮ್ಮಿ ಸಾಕು. ಮೊಂಡು ಪರೀಕ್ಷೆಗೇ ಕ್ರಿಮಿ ಕಂಡಿದೆ, ಅಂದರೆ ಕೀವಿನಲ್ಲಿ ಕ್ರಿಮಿ ರಾಶಿ ಇದೆ. ಅದೇ ಕೀವಿನಲ್ಲಿ ಚೂಪು ಪರೀಕ್ಷೆಗೆ ಟಿಬಿ ಸಿಕ್ಕಿಲ್ಲ. ಹಾಗಾದರೆ ಆ ರಾಶಿ ಏನು? ಟಿಬಿ ಅಲ್ಲದ ಇನ್ಯಾವುದೋ ಮೈಕೋಬ್ಯಾಕ್ಟೀರಿಯಾ ಇರಬೇಕು ಅನ್ನೋ ಅನುಮಾನ ಅಲ್ಲೇ, ಆ ಕ್ಷಣವೇ ಬರಬೇಕಿತ್ತು ಅಲ್ವಾ?

ಬರಲಿಲ್ಲ. ಯಾಕೆಂದರೆ ಒಂದು ಕಾಗದ ನೋಡಿದವರು ಇನ್ನೊಂದನ್ನ "ಚರ್ಮದ ಟಿಬಿಯಲ್ಲಿ ಸಿಬಿನ್ಯಾಟ್ ಎಷ್ಟೋ ಸಲ ನೆಗೆಟಿವ್ ಬರುತ್ತೆ" ಅಂತ ಪಕ್ಕಕ್ಕಿಟ್ಟರು. ಆ ಮಾತು ನಿಜವೇ. ಚರ್ಮದ ಟಿಬಿಯಲ್ಲಿ ಕ್ರಿಮಿಗಳ ಸಂಖ್ಯೆ ತುಂಬಾ ಕಮ್ಮಿ ಇರೋದರಿಂದ ಹಾಗಾಗುತ್ತೆ. ಆದರೆ ಕಮ್ಮಿ ಇದ್ದರೆ ಬಣ್ಣದ ಪರೀಕ್ಷೆಯಲ್ಲಿ ಹೇಗೆ ಕಂಡಿತು ಸ್ವಾಮಿ? ಎರಡೂ ಕಡೆ ಆಡೋ ಹಾಗಿಲ್ಲ.

*

ಒಂಬತ್ತನೇ ತಿಂಗಳು, ಸಹೋದ್ಯೋಗಿಯೊಬ್ಬರ ಮಾತು ಕೇಳಿ ಒಂದು ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಕರಕೊಂಡು ಹೋದೆ. ವಯಸ್ಸಾದ ಪ್ರೊಫೆಸರ್. ಫೈಲಿನ ಕ್ಲಿಪ್ ತೆಗೆದು ಕಾಗದಗಳನ್ನೆಲ್ಲ ಮೇಜಿನ ಮೇಲೆ ತಾರೀಕಿನ ಪ್ರಕಾರ ಹರಡಿದರು. "ಏನಮ್ಮಾ, ಆಪರೇಷನ್ ಆಗಿ ಎಷ್ಟು ದಿನಕ್ಕೆ ಗಂಟು ಬಂತು?" ಅಷ್ಟೇ ಕೇಳಿದ್ದು. ಐದನೇ ವಾರ ಅಂದಳು ಅಮ್ಮ. "ಇದು ಟಿಬಿ ಇರಲಿಕ್ಕಿಲ್ಲ, ನೀರಿನ ಕ್ರಿಮಿ ಅನ್ನಿಸುತ್ತೆ. ಬೆಳೆಸಿ ನೋಡೋಣ" ಅಂದ್ರು.

ಮತ್ತೆ ಒಂದು ತುಂಡು ತೆಗೆದರು. ಈ ಸಲ ಎರಡು ಬಾಟಲಿ. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಚೀಟಿಯ ಮೇಲೆ ಕೈಯಾರೆ ಬರೆದರು: ಮೈಕೋಬ್ಯಾಕ್ಟೀರಿಯಾ ಕಲ್ಚರ್, 30 ಡಿಗ್ರಿ ಮತ್ತು 37 ಡಿಗ್ರಿ ಎರಡರಲ್ಲೂ, ಬೇಗ ಎಸೆಯಬೇಡಿ.

30 ಡಿಗ್ರಿಯಲ್ಲಿ ಇಟ್ಟಿದ್ದರಲ್ಲಿ ಐದನೇ ದಿನ ಬೆಳೀತು. 37ರದ್ದು ಖಾಲಿ. ಜಾತಿ ಗುರುತಿಸಿದಾಗ ಮೈಕೋಬ್ಯಾಕ್ಟೀರಿಯಂ ಕೆಲೋನೆ. ಟಿಬಿಯ ಮಾಮೂಲಿ ಔಷಧಿಗಳಿಗೆ ಬಗ್ಗದ ಕ್ರಿಮಿ. ಅಂದರೆ ನಾಲ್ಕು ತಿಂಗಳು ಅಮ್ಮ ನುಂಗಿದ ಮಾತ್ರೆ ಅವಳ ಲಿವರಿಗೆ ತಗುಲಿತು, ಕ್ರಿಮಿಗೆ ತಗುಲಲಿಲ್ಲ. ಆಮೇಲೆ ಕ್ಲಾರಿತ್ರೋಮೈಸಿನ್ ಜೊತೆ ಇನ್ನೊಂದು ಔಷಧಿ, ಗಂಟುಗಳನ್ನ ಕತ್ತರಿಸಿ ತೆಗೆದದ್ದು, ಎಲ್ಲ ಸೇರಿ ಆರು ತಿಂಗಳಿಗೆ ವಾಸಿಯಾಯ್ತು.

ಎಲ್ಲಿಂದ ಬಂತು ಇದು? ನಮ್ಮ ವಿಷಯದಲ್ಲಿ ಖಚಿತವಾಗಿ ಹೇಳೋಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ಇಂಥ ಸೋಂಕು ಸಾಮಾನ್ಯವಾಗಿ ಬರೋ ದಾರಿ ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತು. ಲ್ಯಾಪರೋಸ್ಕೋಪಿ ಸಲಕರಣೆಗಳನ್ನ ಒಂದು ಆಪರೇಷನ್ನಿಗೂ ಇನ್ನೊಂದಕ್ಕೂ ನಡುವೆ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿ ತೆಗೀತಾರೆ. ಪೂರ್ತಿ ಕ್ರಿಮಿಮುಕ್ತ ಆಗಬೇಕಾದರೆ ಅದರಲ್ಲಿ ಎಂಟು ಹತ್ತು ಗಂಟೆ ಇರಬೇಕು. ಆಮೇಲೆ ಆ ದ್ರಾವಣ ತೊಳೆಯೋಕೆ ನಲ್ಲಿ ನೀರು ಬಳಸಿದರೆ ಮುಗೀತು, ಇದ್ದಬದ್ದ ಶುದ್ಧಿಯೂ ಹೋಯ್ತು. ದಿನಕ್ಕೆ ಆರು ಆಪರೇಷನ್ನು, ಸಲಕರಣೆ ಎರಡೇ ಸೆಟ್ ಇದ್ದ ಕಡೆ ಏನಾಗುತ್ತೆ ಅಂತ ನೀವೇ ಊಹಿಸಿಕೊಳ್ಳಿ.

*

ನಾನು ಆಫೀಸಿಗೆ ಹೋಗೋ ಬಸ್ಸು ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಹೋಗುತ್ತೆ. ಅದೇ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾಗಿ, 1960ರಲ್ಲಿ ನೆಹರೂ ಉದ್ಘಾಟಿಸಿದ ಸಂಸ್ಥೆ. ಇಡೀ ದೇಶದ ಟಿಬಿ ಕಾರ್ಯಕ್ರಮದ ನಕ್ಷೆ ಹುಟ್ಟಿದ್ದು ಅಲ್ಲಿ. ವರ್ಷಗಟ್ಟಲೆ ಅದರ ಮುಂದೆ ಓಡಾಡಿದ್ದೀನಿ, ಒಂದು ದಿನವೂ ತಲೆ ಎತ್ತಿ ಬೋರ್ಡು ಓದಿರಲಿಲ್ಲ. ಅಮ್ಮನ ಕಥೆ ಆದ ಮೇಲೆ ಹುಡುಕಿ ಓದಿದಾಗ ಗೊತ್ತಾಗಿದ್ದು ಏನು ಗೊತ್ತಾ? ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದು ನಡೆದದ್ದು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ!

ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ರೋಗ ಬಂದರೂ ಆಸ್ಪತ್ರೆಗೆ ಬರೋದಿಲ್ಲ ಅಂತ ಅವತ್ತಿನ ದೊಡ್ಡವರೆಲ್ಲ ನಂಬಿದ್ದರು. ಇವರು ಹೋಗಿ ಕೇಳಿದರೆ, ಶ್ವಾಸಕೋಶದ ಟಿಬಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡುವ ಬದಲು ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು! ರೋಗಿ ಬಂದಿದ್ದ, ಕೆಮ್ಮಿದ್ದ, ಹೇಳಿಕೊಂಡಿದ್ದ. ನೋಡಬೇಕಾದವರು ನೋಡಿರಲಿಲ್ಲ.

ಅರವತ್ತು ವರ್ಷದ ಮೇಲೆ ಅದೇ ಜಿಲ್ಲೆಯ ನಮ್ಮಮ್ಮ ಆಸ್ಪತ್ರೆ ಬಾಗಿಲು ತಟ್ಟಿದಳು. ಅವತ್ತು ಟಿಬಿ ಇದ್ದವರಿಗೆ ಕೆಮ್ಮಿನ ಔಷಧಿ ಕೊಟ್ಟರು, ಇವತ್ತು ಟಿಬಿ ಇಲ್ಲದವಳಿಗೆ ಟಿಬಿ ಔಷಧಿ ಕೊಟ್ಟರು. ಅವತ್ತು ಕೂಡ ಪರೀಕ್ಷೆಗೆ ಮೊದಲೇ ಔಷಧಿ, ಇವತ್ತು ಕೂಡ ಅಷ್ಟೇ.

*

ಈ ವಾದ ಹೂಡಿದಾಗೆಲ್ಲ ನನ್ನ ಡಾಕ್ಟರ್ ಗೆಳೆಯರು ಮೂರು ಉತ್ತರ ಕೊಡ್ತಾರೆ.

ಒಂದು: "ನಮ್ಮ ದೇಶದಲ್ಲಿ ಟಿಬಿಯೇ ಹೆಚ್ಚು, ಮೊದಲು ಅದನ್ನೇ ಯೋಚಿಸಬೇಕು." ಒಪ್ಪಿದೆ. ಪ್ರಪಂಚದ ಟಿಬಿಯಲ್ಲಿ ಕಾಲು ಭಾಗ ನಮ್ಮಲ್ಲೇ ಇದೆ. ಮೊದಲು ಯೋಚಿಸಿ, ಆದರೆ ಕೊನೆಯದಾಗಿಯೂ ಅದನ್ನೇ ಯೋಚಿಸಿದರೆ ಹೇಗೆ? ಆಪರೇಷನ್ ಮಾಡಿದ ತೂತಿನಲ್ಲೇ, ಐದನೇ ವಾರಕ್ಕೆ ಸರಿಯಾಗಿ ಬಂದ ಗಂಟು ಅಂದರೆ ಲೆಕ್ಕ ಬದಲಾಗಲೇಬೇಕು.

ಔಷಧಿ ಕೊಟ್ಟು ನೋಡೋದು ತಪ್ಪು ಅಂತಲೂ ನಾನು ಹೇಳ್ತಿಲ್ಲ. ಚರ್ಮದ ಟಿಬಿಯಲ್ಲಿ ಅದು ಒಪ್ಪಿತ ಪದ್ಧತಿ. ಆದರೆ ನಿಜವಾಗಿ ಟಿಬಿ ಆಗಿದ್ದರೆ ಸಾಮಾನ್ಯವಾಗಿ ಐದಾರು ವಾರದಲ್ಲಿ ಗುಣ ಕಾಣೋಕೆ ಶುರುವಾಗುತ್ತೆ. ಕಾಣದಿದ್ದರೆ ನಿಲ್ಲಿಸಿ ಮತ್ತೆ ಯೋಚಿಸಬೇಕು. ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ತೀರ್ಮಾನಿಸದೆ ಶುರು ಮಾಡಿದ್ದನ್ನ ಪರೀಕ್ಷೆ ಅಂತ ಕರೆಯೋಕಾಗಲ್ಲ. ನಮ್ಮ ಭಾಷೆಯಲ್ಲಿ ಅದು ಇನ್ಫಿನೈಟ್ ಲೂಪು.

ಎರಡು: "ಕಲ್ಚರ್, ಜಾತಿ ಪತ್ತೆ ಎಲ್ಲ ದುಬಾರಿ, ಬಡವರಿಗೆ ಎಲ್ಲಿಂದ ಬರುತ್ತೆ?" ಬಡವರ ಹೆಸರು ಹೇಳಿದರೆ ವಾದ ಮುಗಿಯುತ್ತೆ ಅಂತ ಇವರಿಗೆ ಯಾರು ಹೇಳಿದರೋ. ಎರಡನೇ ಬಾಟಲಿಗೆ ಸಲೈನ್ ಹಾಕೋಕೆ ಎಷ್ಟು ಖರ್ಚು? ಫಾರ್ಮಲಿನ್ ಮಾಂಸವನ್ನ ಕೆಡದ ಹಾಗೆ ಇಡುತ್ತೆ, ಜೊತೆಗೆ ಅದರಲ್ಲಿರೋ ಕ್ರಿಮಿಯನ್ನೂ ಕೊಲ್ಲುತ್ತೆ. ಅದಕ್ಕೆ ಬಿದ್ದ ತುಂಡಿನಿಂದ ಏನನ್ನೂ ಬೆಳೆಸೋಕಾಗಲ್ಲ. ಅಮ್ಮನ ಹೊಟ್ಟೆಯಿಂದ ಮೊದಲ ಸಲ ಕತ್ತರಿಸಿ ತೆಗೆದ ತುಂಡಿನಲ್ಲೇ ಉತ್ತರ ಇತ್ತು, ಡಬ್ಬಿಯಲ್ಲಿ ಸತ್ತುಹೋಯ್ತು. ಹಾಗಾಗಿ ಅವಳನ್ನ ಎರಡನೇ ಸಲ ಕತ್ತರಿಸಬೇಕಾಯ್ತು. ಆ ಖರ್ಚನ್ನ ಯಾರ ಲೆಕ್ಕದಲ್ಲಿ ಬರೆಯೋಣ?

ಮೂರು, ನನಗೆ ಅತಿ ಹೆಚ್ಚು ಸಿಟ್ಟು ತರಿಸೋದು: "ಇದು ತುಂಬಾ ಅಪರೂಪ ಕಣಯ್ಯ." ಅಪರೂಪ ಅಂತ ಹೇಗೆ ಗೊತ್ತು? ಈ ಕ್ರಿಮಿಗಳಿಗೆ ಮೂರರಿಂದ ಏಳು ದಿನ ಬೇಕು, ತಟ್ಟೆಯನ್ನ ಎರಡನೇ ದಿನ ಎಸೀತೀರಿ. ಕೆಲವಕ್ಕೆ 30 ಡಿಗ್ರಿ ತಂಪು ಬೇಕು, ನೀವು 37ರಲ್ಲಿ ಮಾತ್ರ ಇಡ್ತೀರಿ. ಟಿಬಿ ಲ್ಯಾಬಿನ ಎಂಜಿಐಟಿ ಯಂತ್ರವೂ ನಡೆಯೋದು 37ರಲ್ಲೇ. ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಒಂದು ಹನಿ ಕಳಿಸ್ತೀರಿ, ಬೇಕಿರೋದು ಮಾಂಸದ ತುಂಡು. ಸಿಗದ ಹಾಗೆ ಹುಡುಕಿ, ಸಿಗಲಿಲ್ಲ ಅಂತ ಬರೆದು, ಅಪರೂಪ ಅಂತ ತೀರ್ಮಾನಿಸಿ, ಅಪರೂಪ ಆದ್ದರಿಂದ ಹುಡುಕೋದು ಬೇಡ ಅನ್ನೋದು! ನಮ್ಮ ಆಫೀಸಿನಲ್ಲಿ ಯಾರಾದರೂ ಲಾಗ್ ಆಫ್ ಮಾಡಿಟ್ಟು "ಎರರ್ ಒಂದೂ ಬಂದಿಲ್ಲ" ಅಂದರೆ ಅವನನ್ನ ಕ್ಯಾಂಟೀನಿನವರೂ ಆಡಿಕೊಂಡು ನಗ್ತಾರೆ.

*

ಡಾಕ್ಟರುಗಳನ್ನ ಮಾತ್ರ ಬೈದು ಕೈ ತೊಳಕೊಂಡರೆ ನಾನೂ ಕಳ್ಳನೇ. ನಾವೇನು ಕಮ್ಮಿಯಾ? ಚರ್ಮಕ್ಕೆ ಏನಾದರೂ ಆದರೆ ಮೊದಲು ಹೋಗೋದು ಮೂಲೆಯ ಮೆಡಿಕಲ್ ಸ್ಟೋರಿಗೆ. "ಅಣ್ಣಾ, ಇದಕ್ಕೊಂದು ಕ್ರೀಮ್ ಕೊಡಿ." ಅವನು ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಕೊಡ್ತಾನೆ. ಇಂಥ ಹದಿನಾಲ್ಕು ಸ್ಟೀರಾಯ್ಡುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದನ್ನ ನಾವೂ ಓದಿಲ್ಲ, ಅಂಗಡಿಯವನೂ ಓದಿಲ್ಲ. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯುತ್ತೆ, ಒಳಗೆ ರೋಗ ಬೆಳೆಯುತ್ತೆ, ಡಾಕ್ಟರ ಕಣ್ಣಿಗೆ ಬೀಳಬೇಕಾದ ಚಹರೆಯೆಲ್ಲ ಅಳಿಸಿಹೋಗುತ್ತೆ.

ಹೀಗೆ ತಪ್ಪಿಸಿಕೊಳ್ಳೋವು ಎಷ್ಟೋ ಇವೆ. ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರ ಬೆರಳ ಮೇಲೆ ಏಳುವ, ಆಮೇಲೆ ತೋಳಿನುದ್ದಕ್ಕೂ ಸಾಲಾಗಿ ಹತ್ತುವ ಗಂಟು, ಅದು ಮೈಕೋಬ್ಯಾಕ್ಟೀರಿಯಂ ಮರೀನಮ್ ಇರಬಹುದು. 1926ರಲ್ಲಿ ಫಿಲಡೆಲ್ಫಿಯಾದ ಅಕ್ವೇರಿಯಮ್ಮಿನ ಮೀನುಗಳಲ್ಲಿ ಸಿಕ್ಕ ಕ್ರಿಮಿ, ಅದಕ್ಕೂ 30 ಡಿಗ್ರಿಯೇ ಇಷ್ಟ. "ಮನೇಲಿ ಮೀನು ಸಾಕಿದ್ದೀರಾ?" ಅಂತ ಒಂದು ಪ್ರಶ್ನೆ ಕೇಳಿದರೆ ಅರ್ಧ ರೋಗ ಪತ್ತೆ ಆದ ಹಾಗೆ. 2000ದಲ್ಲಿ ಕ್ಯಾಲಿಫೋರ್ನಿಯಾದ ಒಂದೇ ಬ್ಯೂಟಿ ಪಾರ್ಲರಿನ ಕಾಲು ತೊಳೆಯುವ ತೊಟ್ಟಿಗಳಿಂದ ನೂರಕ್ಕೂ ಹೆಚ್ಚು ಜನರ ಕಾಲಿಗೆ ಮೈಕೋಬ್ಯಾಕ್ಟೀರಿಯಾ ಹತ್ತಿತ್ತು. ಇನ್ನು ನಿಜವಾದ ಚರ್ಮದ ಟಿಬಿಯನ್ನ ಹುಳುಕಡ್ಡಿ ಅಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚೋರೂ ಇದ್ದಾರೆ. ಕುಷ್ಠ 2005ರಲ್ಲೇ ಹತೋಟಿಗೆ ಬಂತು ಅಂತ ಘೋಷಿಸಿಕೊಂಡ ದೇಶ ನಮ್ಮದು, ಪ್ರಪಂಚದ ಹೊಸ ಕುಷ್ಠ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಈಗಲೂ ಇಲ್ಲೇ. ಸ್ಪರ್ಶ ಗೊತ್ತಾಗದ ಬಿಳಿ ಮಚ್ಚೆಗೆ ಕ್ರೀಮ್ ಹಚ್ಚಿಕೊಂಡು ಕೂತರೆ ಹಾಳಾಗೋದು ನರ.

*

ಕೊನೆಯದಾಗಿ ಮೂರ್ನಾಲ್ಕು ಮಾತು, ನನ್ನ ಥರ ಫೈಲು ಹಿಡಿದು ಓಡಾಡ್ತಿರೋರಿಗೆ.

ಗಾಯವೋ ಗಂಟೋ ಒಂದು ತಿಂಗಳ ಔಷಧಿಗೂ ವಾಸಿ ಆಗದಿದ್ದರೆ "ತುಂಡು ತೆಗೆದು ಪರೀಕ್ಷೆ ಮಾಡಬೇಕಾ ಡಾಕ್ಟ್ರೇ?" ಅಂತ ಕೇಳಿ. ತೆಗೆಯುವಾಗ "ಫಾರ್ಮಲಿನ್ ಇಲ್ಲದ ಇನ್ನೊಂದು ಬಾಟಲಿ ಕಲ್ಚರಿಗೆ ಹೋಗುತ್ತಾ?" ಅಂತ ಕೇಳಿ. ಆಪರೇಷನ್, ಇಂಜೆಕ್ಷನ್, ಮೀನಿನ ತೊಟ್ಟಿ, ಮುಳ್ಳು ಚುಚ್ಚಿದ್ದು ಏನಿದ್ದರೂ ಅವರು ಕೇಳದಿದ್ದರೂ ಹೇಳಿ. ಟಿಬಿ ಔಷಧಿ ಶುರು ಮಾಡಿದರೆ "ಎಷ್ಟು ವಾರಕ್ಕೆ ಗುಣ ಕಾಣಬೇಕು, ಕಾಣದಿದ್ದರೆ ಮುಂದೇನು?" ಅಂತ ಮೊದಲ ದಿನವೇ ಕೇಳಿ. ಒಂದು ಕಾಗದವನ್ನೂ ಬಿಸಾಕಬೇಡಿ, ತಾರೀಕಿನ ಪ್ರಕಾರ ಜೋಡಿಸಿಡಿ.

ಮತ್ತೆ, ದಯವಿಟ್ಟು ಕೇಳಿ. ಇದನ್ನ ಓದಿ ಯಾರೂ ಟಿಬಿ ಮಾತ್ರೆ ನಿಲ್ಲಿಸಬೇಡಿ! ಟಿಬಿ ಇದ್ದು ಮಾತ್ರೆ ಅರ್ಧಕ್ಕೆ ಬಿಟ್ಟರೆ ಆಗೋ ಅನಾಹುತ ಇದಕ್ಕಿಂತ ದೊಡ್ಡದು. ಅನುಮಾನ ಇದ್ದರೆ ಕಾಗದ ತಗೊಂಡು ಇನ್ನೊಬ್ಬ ತಜ್ಞರ ಹತ್ತಿರ ಹೋಗಿ, ಅಷ್ಟೇ.

ಅಮ್ಮ ಈಗ ಊರಿನಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ ಆ ಸಂಬಂಧಿಕರ ಮನೆಗೆ ಹೋಗಿದ್ದೆ ಅಂದಳು. "ಲೋಟ?" ಅಂದೆ. "ಅದೇ ಬೇರೆ ಲೋಟನೇ ಕಣಪ್ಪ. ಟಿಬಿ ಅಲ್ಲ ಅಂತ ನಾನೂ ಹೇಳ್ದೆ, ನಂಬಂಗ್ ಕಾಣಾಕಿಲ್ಲ" ಅಂದಳು. ಮೊದಲ ರಿಪೋರ್ಟು ಊರೆಲ್ಲ ಸುತ್ತಿ ಬಂದಿದೆ, ಎರಡನೇ ರಿಪೋರ್ಟು ಇನ್ನೂ ನಮ್ಮ ಮನೆ ಬೀರುವಿನಲ್ಲೇ ಇದೆ. ಮುಂದಿನ ಸಲ ಊರಿಗೆ ಹೋದಾಗ ಅದನ್ನ ತಗೊಂಡು ಅವರ ಮನೆಗೆ ಹೋಗಬೇಕು ಅಂತಿದ್ದೀನಿ.

ನಿಮ್ಮ ಮನೆಗಳಲ್ಲೂ ಇಂಥದ್ದು ಏನಾದರೂ ಆಗಿದೆಯಾ? ಆಗಿದ್ದರೆ ಬರೀರಿ. ಡಾಕ್ಟರುಗಳು ಯಾರಾದರೂ ಓದ್ತಿದ್ದರೆ, ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿ, ತಿದ್ದಿಕೊಳ್ಳೋಕೆ ನಾನು ತಯಾರು. "ಅಪರೂಪ" ಅಂತ ಮಾತ್ರ ಅನ್ನಬೇಡಿ.